1220ರ ಹಿಡುವಳಿದಾರನ ಮರಣೋತ್ತರ ದಾಖಲೆ ಸಿಗದಿರುವುದೇಕೆ
ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 1220ರ ಸುಮಾರಿಗೆ ತೀರಿಕೊಂಡ ಹಿಡುವಳಿದಾರನ ಮರಣೋತ್ತರ ವಿಚಾರಣಾ ದಾಖಲೆ (ಸತ್ತವನ ಭೂಮಿ ಯಾವುದು, ವಾರಸುದಾರ ಯಾರು ಎಂದು ನಡೆಸಿದ ವಿಚಾರಣೆಯ ಬರಹ) ನಿಮಗೆ ಸಿಗದಿರುವುದಕ್ಕೆ ಕಾಲವೇ ಕಾರಣವಿರಬೇಕು. ಆ ಸರಣಿ ಶುರುವಾಗುವುದೇ 1236ರ ಹೊತ್ತಿಗೆ, ಅದೂ ರಾಜನಿಂದ ನೇರವಾಗಿ ಭೂಮಿ ಪಡೆದವರಿಗೆ.

ಮೊದಲು ‘ಫೀಟ್ ಆಫ್ ಫೈನ್ಸ್’ (ಭೂ ಒಪ್ಪಂದಗಳ ಅಡಿತುಂಡುಗಳು) ನೋಡಿ, ಲಿಂಕನ್‌ಶೈರ್‌ನವು ಅಚ್ಚಾಗಿವೆ. ಭೂಮಿಯ ಒಪ್ಪಂದವನ್ನು ಒಂದೇ ಚರ್ಮದ ಹಾಳೆಯಲ್ಲಿ ಮೂರು ಸಲ ಬರೆದು, ಅಲೆಯಂತೆ ಕತ್ತರಿಸಿ, ಅಡಿಯ ತುಂಡನ್ನು 1195ರಿಂದ ನ್ಯಾಯಾಲಯವೇ ಇಟ್ಟುಕೊಳ್ಳುತ್ತಿತ್ತು. ಊರು, ವಿಸ್ತೀರ್ಣ, ಎಷ್ಟೋ ಸಲ ಹೆಂಡತಿಯ ಹೆಸರೂ ಅದರಲ್ಲಿರುತ್ತದೆ.

ಆಮೇಲೆ ಕಿರ್ಕ್‌ಸ್ಟೆಡ್‌ನಂತಹ ಮಠಗಳ ದಾನಪತ್ರಗಳಿಗೆ ಹೋಗಿ. ತಾರೀಖಿಲ್ಲವೆಂದು ದಯವಿಟ್ಟು ಬಿಡಬೇಡಿ, ಕೊನೆಯಲ್ಲಿರುವ ಸಾಕ್ಷಿಗಳ ಸಾಲನ್ನು ಓದಿ: ಕಾಲ ಗೊತ್ತಿರುವ ಇಬ್ಬರು ಸಿಕ್ಕರೂ ಪತ್ರದ ಕಾಲ ಹತ್ತಿರಕ್ಕೆ ಬರುತ್ತದೆ. ಅಪ್ಪ, ಮಗ ಇಬ್ಬರದೂ ಒಂದೇ ಹೆಸರಾದರೆ ಬೇರ್ಪಡಿಸುವ ಖಾತ್ರಿಯಿಲ್ಲ. ಹೆಂಡತಿಯ ಹೆಸರು ಬೇರೆಯಾದ ಮಾತ್ರಕ್ಕೆ ವ್ಯಕ್ತಿ ಬೇರೆ ಎನ್ನಬೇಡಿ, ಎರಡನೇ ಮದುವೆಯೂ ಇರಬಹುದು.