ಆಟದ ಪೀರಿಯಡ್ಡಿನ ಹೊಟ್ಟೆನೋವು

ತಿಪಟೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: 'ಏಳನೇ ತರಗತಿಯ ಮಗಳು ಹೋದ ವರ್ಷ ಹೋಬಳಿ ಮಟ್ಟದಲ್ಲಿ ಖೋಖೋ ಆಡಿದ್ದಳು. ದೊಡ್ಡವಳಾಗಿ ಮೂರು ತಿಂಗಳು. ಈಗ ಆಟದ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಅನ್ನುತ್ತಾಳೆ. ಓಡಿದರೆ ಗರ್ಭಕೋಶ ಜಾರುತ್ತೆ ಅನ್ನುವುದು ಅತ್ತೆಯ ಹೆದರಿಕೆ. ಬಲವಂತ ಮಾಡಲೇ?'

ಸಂಪಾದಕರ ಉತ್ತರ:

ಬಲವಂತ ಬೇಡ, ಉಪದೇಶವೂ ಬೇಡ. ಈ ವಯಸ್ಸಿನ ಹೊಟ್ಟೆನೋವಿನ ಹಿಂದೆ ಬಹಳ ಸಲ ಬಟ್ಟೆಯ ಫಜೀತಿ ಇರುತ್ತದೆ. ಓಡುವಾಗ ಎದೆ ಅಲುಗುತ್ತದೆ, ಹುಡುಗರು ನೋಡುತ್ತಾರೆ. ಇದನ್ನು ಅಮ್ಮನಿಗೂ ಹೇಳಲಾಗದೆ ಹೊಟ್ಟೆಯ ಮೇಲೆ ಹಾಕುತ್ತಾರೆ.

ಒಂದು ಸ್ಪೋರ್ಟ್ಸ್ ಬ್ರಾ ಕೊಡಿಸಿ. 'ಬೆಳೀತಾಳಲ್ಲ' ಎಂದು ಒಂದು ಸೈಜ್ ದೊಡ್ಡದು ತಂದರೆ ದುಡ್ಡು ದಂಡ. ಎದೆಯನ್ನು ಹಿಡಿದು ನಿಲ್ಲಿಸುವುದು ಭುಜದ ಪಟ್ಟಿಗಿಂತ ಹೆಚ್ಚಾಗಿ ಕೆಳಗಿನ ಪಟ್ಟಿ. ಅದರೊಳಗೆ ಎರಡು ಬೆರಳು ತೂರಬೇಕು, ಅಷ್ಟೇ. ಹಾಕಿಸಿ ಹತ್ತು ಸಲ ಕುಪ್ಪಳಿಸಲು ಹೇಳಿ. ಕೈಯೆತ್ತಿದಾಗ ಪಟ್ಟಿ ಮೇಲೇರಿದರೆ ಅದು ಸಡಿಲ. ಉಸಿರು ಕಟ್ಟಿದರೆ, ಚರ್ಮ ಕೆಂಪಾದರೆ ಬಿಗಿ.

ಮುಟ್ಟಿನ ದಿನಗಳಲ್ಲಿ ಪ್ಯಾಡ್ ಜರುಗುವುದು ಸಡಿಲ ಚಡ್ಡಿಯಿಂದ. ಮೈಗೆ ಹಿಡಿದು ಕೂರುವ ಚಡ್ಡಿ, ರೆಕ್ಕೆಯಿರುವ ಪ್ಯಾಡ್, ಕಡುಬಣ್ಣದ ಟ್ರ್ಯಾಕ್ ಪ್ಯಾಂಟ್ ಇದ್ದರೆ ಅರ್ಧ ಭಯ ಹೋಯಿತು. ಆಟಕ್ಕೆ ಇಳಿಯುವ ಮುಂಚೆ ಪ್ಯಾಡ್ ಬದಲಿಸಲಿ. ಶಾಲೆಯ ಶೌಚಾಲಯಕ್ಕೆ ಚಿಲಕವಿದೆಯೇ, ನೀರಿದೆಯೇ ಎಂದು ನೀವೇ ಹೋಗಿ ನೋಡಿ. ಇಲ್ಲದ ಕಡೆ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಸಂಜೆ ಮೈದಾನದಲ್ಲಿ ತಲೆ ಸುತ್ತಿದರೆ ದೂರು ಮಾತ್ರ ಮುಟ್ಟಿನ ಮೇಲೆ.

ಅತ್ತೆಯವರಿಗೆ ಹೇಳಿ: ಓಟದಿಂದ ಗರ್ಭಕೋಶ ಜಾರುವುದಿಲ್ಲ. ಹಗುರವಾಗಿ ಮೈ ಆಡಿಸಿದರೆ ಮುಟ್ಟಿನ ನೋವು ಎಷ್ಟೋ ಜನರಿಗೆ ತಗ್ಗುತ್ತದೆ. ನೋವು ಜೋರಿದ್ದ ದಿನ ಕೂರಲಿ, ಅದೇನೂ ಸೋಲಲ್ಲ. ಸ್ರಾವ ಏಳು ದಿನ ದಾಟಿದರೆ ಅಥವಾ ಗಂಟೆಗೊಂದು ಪ್ಯಾಡ್ ನೆನೆದರೆ ವೈದ್ಯರಿಗೆ ತೋರಿಸಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಪಂದ್ಯದ ವಿಡಿಯೊವನ್ನು ಅಜ್ಜಿ ಮೊಮ್ಮಗಳು ಜೊತೆಗೆ ಕೂತು ನೋಡಲಿ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ. ಅದರ ಹಿಂದುಮುಂದು ಒಂದು ಗಂಟೆ ಚಹಾ ಕಾಫಿ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಅಭ್ಯಾಸಕ್ಕೆ ಒಂದು ಗಂಟೆ ಮುಂಚೆ ಬಾಳೆಹಣ್ಣು, ಕಡಲೆ ಚಿಕ್ಕಿ ಸಾಕು.

ಇನ್ನು ಮೊಣಕಾಲು. ಖೋಖೋದಲ್ಲಿ ಕುಕ್ಕರಗಾಲಲ್ಲಿ ಕೂತವಳು 'ಖೋ' ಅಂದೊಡನೆ ಚಿಮ್ಮಬೇಕು, ಓಡುವವಳು ಹುಸಿ ತೋರಿಸಿ ಗಕ್ಕನೆ ತಿರುಗಬೇಕು. ಆಗ ಮಂಡಿ ಒಳಕ್ಕೆ ವಾಲಿದರೆ ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು (ಲಿಗಮೆಂಟ್) ಹರಿಯುವ ಅಪಾಯವಿದೆ, ಅದೂ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಆಟಕ್ಕೆ ಮುಂಚೆ ಹತ್ತು ನಿಮಿಷ ನಿಧಾನ ಓಟ, ಬಸ್ಕಿ, ಒಂಟಿಕಾಲಲ್ಲಿ ನಿಲ್ಲುವುದು, ಕುಪ್ಪಳಿಸಿ ಮೆತ್ತಗೆ ಇಳಿಯುವುದು ಇರಲಿ. ಮಂಡಿ ಪಾದದ ಬೆರಳುಗಳ ನೇರಕ್ಕೇ ಬಾಗುತ್ತಿದೆಯೇ ಎಂದು ಪಿ.ಟಿ. ಮೇಷ್ಟ್ರು ಎದುರು ನಿಂತು ನೋಡಬೇಕು.

ಬ್ರಾ ತರಲು ಅಂಗಡಿಗೆ ಮಗಳನ್ನೇ ಕರೆದುಕೊಂಡು ಹೋಗಿ. ಬಣ್ಣ ಅವಳೇ ಆರಿಸಲಿ.