ಮಂಗಳೂರಿನ ಹೈಸ್ಕೂಲಿನಲ್ಲಿ ಒಂದು ವರ್ಷ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ

ಹಾಸನದಿಂದ ಮಂಗಳೂರಿಗೆ ವರ್ಗ ಆಗಿದೆ, ಮಗಳನ್ನು ಎಂಟನೇ ಕ್ಲಾಸಿಗೆ ಇಲ್ಲಿ ಸೇರಿಸಬೇಕು, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಾಗಿ ನಿಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳೇ ಮುಂದೆ, ಹಾಗಾದರೆ ಮಕ್ಕಳಿಗೆ ಓದು ಬಿಟ್ಟು ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನಿಂದ ತಲಪಾಡಿ ಕಡೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ತಲಪಾಡಿ ದಾಟಿದರೆ ಕೇರಳ. ನೀವು ಹೇಳಿದ ರಿಸಲ್ಟಿನ ಮಾತು ನಿಜ. 2024ರಲ್ಲಿ ಉಡುಪಿ ಶೇಕಡಾ 94 ತೆಗೆದು ಮೊದಲು ಬಂತು, ನಮ್ಮ ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ನಾವು 91.12 ತೆಗೆದು ಮೊದಲು, ಉಡುಪಿ ಎರಡನೆಯದು. ಆದರೆ ಆ ಸುದ್ದಿ ಪೇಪರಿನಲ್ಲಿ ಬರುವುದು ಮೇ ತಿಂಗಳಲ್ಲಿ ಒಂದು ದಿನ. ಉಳಿದ ದಿನಗಳ ಕಥೆ ಬೇರೆಯೇ ಇದೆ. ಸ್ವಲ್ಪ ಉದ್ದ ಆಗುತ್ತದೆ, ಕೂತು ಓದಿ.

ಮೊದಲು ಭಾಷೆಯ ವಿಷಯ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ಉಳಿದದ್ದು ಅರ್ಥ ಆಗುವುದು ಕಷ್ಟ. ಇಲ್ಲಿ ಹೆಚ್ಚಿನ ಮಕ್ಕಳ ಮನೆಮಾತು ಕನ್ನಡ ಅಲ್ಲ. ನನ್ನ ಒಂಬತ್ತನೇ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ತುಳುವಿನವರು. ಬ್ಯಾರಿ ಮಾತಾಡುವವರು ಇದ್ದಾರೆ, ಕೊಂಕಣಿಯವರು ಇದ್ದಾರೆ, ಮಲಯಾಳದವರು ಇದ್ದಾರೆ, ಹವ್ಯಕ ಕನ್ನಡದ ಒಬ್ಬಳು ಹುಡುಗಿ, ಮತ್ತೆ ಕಟ್ಟಡ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರ ಇಬ್ಬರು ಮಕ್ಕಳು. ಬಯಲಿನಲ್ಲಿ ಆಟ ತುಳುವಿನಲ್ಲಿ. ಕ್ಲಾಸಿನ ಬಾಗಿಲು ದಾಟಿದ ಮೇಲೆ ಕನ್ನಡ. ನನ್ನ ಮನೆಯಲ್ಲೂ ತುಳುವೇ. ನಿಮ್ಮ ಕಡೆಯವರು ನಮ್ಮನ್ನು ಕಂಡಾಗ "ನಿಮ್ಮ ಕನ್ನಡ ಪುಸ್ತಕದ ಹಾಗಿದೆ" ಅನ್ನುತ್ತಾರಲ್ಲ, ಅದು ಹಾಗಿರುವುದಕ್ಕೆ ಕಾರಣ ಇದೇ. ನಾವು ಕನ್ನಡವನ್ನು ಅಮ್ಮನ ಬಾಯಿಂದ ಕಲಿಯಲಿಲ್ಲ. ಶಾಲೆಯಲ್ಲಿ ಕಲಿತೆವು. ಅದರಲ್ಲೂ ಪಾಠಕ್ಕಿಂತ ಜಾಸ್ತಿ ಶಾಲೆಯ ಕಾರ್ಯಕ್ರಮಗಳಲ್ಲಿ ಕಲಿತೆವು.

ಜೂನ್ ಅಂದರೆ ಮಳೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೆ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ರಾತ್ರಿ ಎಂಟು ಗಂಟೆಗೆ ಮಕ್ಕಳೆಲ್ಲ ಫೋನು ಹಿಡಿದು ಕಾಯುವುದನ್ನು ನೀವೂ ನೋಡುತ್ತೀರಿ. ಆ ರಜೆ ಪುಕ್ಕಟೆ ಅಲ್ಲ, ಮುಂದೆ ಶನಿವಾರ ಮಧ್ಯಾಹ್ನ ಕ್ಲಾಸು ಮಾಡಿ ತೀರಿಸಬೇಕು. ಈ ಮಳೆಯಲ್ಲೇ ಶಾಲಾ ಮಂತ್ರಿಮಂಡಲದ ಚುನಾವಣೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಎಲ್ಲ ಇರುತ್ತದೆ. ಈಗ ಕೆಲವು ಶಾಲೆಗಳಲ್ಲಿ ಮೊಬೈಲನ್ನೇ ಮತಯಂತ್ರ ಮಾಡುತ್ತಾರೆ. ಗೆದ್ದವರಲ್ಲಿ ಒಬ್ಬ ನೀರಾವರಿ ಮಂತ್ರಿ, ಒಬ್ಬಳು ಆರೋಗ್ಯ ಮಂತ್ರಿ, ಜೊತೆಗೆ ಒಬ್ಬ ವಿರೋಧ ಪಕ್ಷದ ನಾಯಕ. ಮೊದಲ ಸಭೆಯಲ್ಲೇ ಆ ನಾಯಕ ಎದ್ದು "ಹುಡುಗಿಯರ ಶೌಚಾಲಯದ ಚಿಲಕ ಯಾವಾಗ ಸರಿ ಮಾಡುತ್ತೀರಿ" ಅಂತ ಕೇಳಿದರೆ ಹೆಡ್‌ಮಾಸ್ಟ್ರು ಉತ್ತರ ಕೊಡಲೇಬೇಕು. ನಮ್ಮಲ್ಲಿ ಹೋದ ವರ್ಷ ಹಾಗೇ ಆಯಿತು. ಚಿಲಕ ಆ ವಾರವೇ ಬಂತು.

ಜುಲೈ ಮಧ್ಯದಿಂದ ಆಟಿ ತಿಂಗಳು. ನಿಮ್ಮ ಕಡೆ ಆಷಾಢ ಅನ್ನುವುದಕ್ಕೆ ಹತ್ತಿರ. ಹಿಂದೆ ಇದು ಕಷ್ಟದ ತಿಂಗಳು. ಗದ್ದೆ ಕೆಲಸ ಮುಗಿದಿರುತ್ತಿತ್ತು, ಅಕ್ಕಿ ಮುಗಿಯುತ್ತಾ ಬರುತ್ತಿತ್ತು, ಮಳೆ ಬಿಡುತ್ತಿರಲಿಲ್ಲ. ಆಗ ಜನ ಗುಡ್ಡೆಯಲ್ಲಿ, ಅಂಗಳದಲ್ಲಿ ಸಿಕ್ಕಿದ್ದನ್ನು ತಿಂದು ಬದುಕಿದರು. ಅದನ್ನು ನೆನಪಿಸಲು ಶಾಲೆಗಳಲ್ಲಿ "ಆಟಿಡೊಂಜಿ ದಿನ" ಮಾಡುತ್ತೇವೆ, ಅಂದರೆ ಆಟಿಯಲ್ಲಿ ಒಂದು ದಿನ. ಮಕ್ಕಳು ಮನೆಯಿಂದ ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ, ತಿಮರೆ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಹಲಸಿನ ಬೀಜದ ಸಾರು ತರುತ್ತಾರೆ. ಪತ್ರೊಡೆ ಅಂದರೆ ಕೆಸುವಿನ ಎಲೆಯ ತಿಂಡಿ, ತಜಂಕ್ ಅಂದರೆ ಚಗಟೆ ಸೊಪ್ಪು, ಕಣಿಲೆ ಅಂದರೆ ಎಳೆ ಬಿದಿರು, ತಿಮರೆ ಅಂದರೆ ನಿಮ್ಮ ಒಂದೆಲಗ. ಚೆನ್ನೆಮಣೆ ಆಟ ಇರುತ್ತದೆ, ನಿಮ್ಮ ಅಳಗುಳಿಮಣೆಯ ಹಾಗೆ. ಪತ್ರೊಡೆಯನ್ನು ಕೊಂಕಣಿಯವರು ಒಂದು ತರ ಮಾಡುತ್ತಾರೆ, ತುಳುವರು ಇನ್ನೊಂದು ತರ, ಬ್ಯಾರಿ ಮನೆಯದ್ದು ಮತ್ತೊಂದು ತರ. ಯಾರದ್ದು ಸರಿ ಅಂತ ಆ ದಿನ ದೊಡ್ಡ ಚರ್ಚೆ. ನಾನು ಆ ಚರ್ಚೆಯನ್ನೇ ಮರುದಿನ ಕನ್ನಡದಲ್ಲಿ ಬರೆಸುತ್ತೇನೆ. ಪ್ರಬಂಧ ಅಂದರೆ ಮುಖ ಸಿಂಡರಿಸುವ ಮಕ್ಕಳು ಪತ್ರೊಡೆ ಬಗ್ಗೆ ಎರಡು ಪುಟ ಬರೆಯುತ್ತಾರೆ.

ಆಗಸ್ಟ್, ಸೆಪ್ಟೆಂಬರ್ ಹಬ್ಬಗಳಲ್ಲೇ ಹೋಗುತ್ತದೆ. ಹತ್ತಿರದ ಗದ್ದೆಯಲ್ಲಿ ಕೆಸರಿನ ಓಟ, ಹಗ್ಗಜಗ್ಗಾಟ. ಹಡಿಲು ಬಿದ್ದ, ಅಂದರೆ ಬೇಸಾಯ ಬಿಟ್ಟ ಗದ್ದೆಯಲ್ಲಿ ಮಕ್ಕಳಿಂದ ನೇಜಿ, ಅಂದರೆ ಭತ್ತದ ಸಸಿ ನೆಡಿಸುವ ಶಾಲೆಗಳೂ ಇವೆ. ಅಷ್ಟಮಿಗೆ ಉಡುಪಿಯಲ್ಲಿ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆ, ಜೊತೆಗೆ ಹುಲಿವೇಷ. ಮಂಗಳೂರಿನಲ್ಲಿ ಹುಲಿವೇಷದ ಗದ್ದಲ ನವರಾತ್ರಿಗೆ. ಸೆಪ್ಟೆಂಬರ್ 8ಕ್ಕೆ ಕ್ರೈಸ್ತ ಮಕ್ಕಳಿಗೆ ಮೊಂತಿ ಫೆಸ್ತ್, ಒಂಬತ್ತು ದಿನ ಬುಟ್ಟಿಯಲ್ಲಿ ಹೂವು ತೆಗೆದುಕೊಂಡು ಚರ್ಚಿಗೆ ಹೋಗಿ, ಹಬ್ಬದ ದಿನ ಹೊಸ ತೆನೆ ಮನೆಗೆ ತರುತ್ತಾರೆ. ದೀಪಾವಳಿ ಹತ್ತಿರ ಬಂದರೆ ಗೂಡುದೀಪ ಸ್ಪರ್ಧೆ. ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ಮಾಡಬೇಕು, ಅಂಗಡಿಯಿಂದ ತಂದದ್ದು ನಡೆಯುವುದಿಲ್ಲ.

ಪ್ರತಿಭಾ ಕಾರಂಜಿ ನಿಮ್ಮಲ್ಲೂ ಇದೆ, ಜಾಸ್ತಿ ಹೇಳಬೇಕಾಗಿಲ್ಲ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ, ಅದೇ ಮೆಟ್ಟಿಲು. ಒಂದು ಮಾತು ಮಾತ್ರ ಹೇಳುತ್ತೇನೆ. ಮನೆಯಲ್ಲಿ ಕನ್ನಡ ಮಾತಾಡುವ ನಿಮ್ಮ ಮಗಳು ಆಶುಭಾಷಣದಲ್ಲಿ ಸುಲಭವಾಗಿ ಗೆಲ್ಲುತ್ತಾಳೆ ಅಂತ ಅಂದುಕೊಳ್ಳಬೇಡಿ. ಇಲ್ಲಿಯ ಮಕ್ಕಳು ವೇದಿಕೆ ಹತ್ತಿದರೆ ಗಟ್ಟಿ.

ಆ ಗಟ್ಟಿತನ ಯಕ್ಷಗಾನದಿಂದ ಬಂದದ್ದು ಅಂತ ನನ್ನ ನಂಬಿಕೆ. ಈ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಡುಪಿ ಕಡೆ ಯಕ್ಷಶಿಕ್ಷಣ ಟ್ರಸ್ಟ್ ಅಂತ ಇದೆ, ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಮಕ್ಕಳಿಗೆ ಕಲಿಸುತ್ತದೆ, ಮಳೆಗಾಲ ಮುಗಿದ ಮೇಲೆ ಒಂದೊಂದು ಶಾಲೆಯ ಪ್ರದರ್ಶನವೂ ನಡೆಯುತ್ತದೆ. ನಮ್ಮ ಕಡೆ ಯಕ್ಷಧ್ರುವ ಪಟ್ಲ ಫೌಂಡೇಶನ್ ಶಾಲೆಗಳಲ್ಲಿ ಕಲಿಸುತ್ತಿದೆ. ಕೆಲವು ಕಡೆ ಊರಿನ ಕಲಾವಿದರೇ ಬಂದು ಕಲಿಸುತ್ತಾರೆ. ಯಕ್ಷಗಾನದಲ್ಲಿ ಎರಡು ಶೈಲಿ, ಉಡುಪಿಯಲ್ಲಿ ಬಡಗು, ಮಂಗಳೂರಿನಲ್ಲಿ ತೆಂಕು. ಹೆಜ್ಜೆ ಬೇರೆ, ಕಿರೀಟ ಬೇರೆ, ಚೆಂಡೆಯ ನಾದವೂ ಬೇರೆ.

ನಮ್ಮಲ್ಲಿ ವಾರಕ್ಕೊಂದು ಕ್ಲಾಸು, ಶನಿವಾರ. ಮೊದಲ ಒಂದೆರಡು ತಿಂಗಳು ಬರೀ ತಾಳ ಮತ್ತು ಹೆಜ್ಜೆ. ಬಾಯಲ್ಲಿ ತಾಳ ಹೇಳುತ್ತಾ ಕಾಲು ಹಾಕಬೇಕು. ಕೆಲವರು ಇದರಲ್ಲೇ ಸುಸ್ತಾಗಿ ಬಿಡುತ್ತಾರೆ. ಉಳಿದವರಿಗೆ ವೇಷ ಹಂಚುತ್ತಾರೆ. ಅಭಿಮನ್ಯುವಿನ ಹಾಗಿನ ಪುಂಡುವೇಷ ಸಿಕ್ಕಿದವರು ಧೀಂಗಿಣ ಕಲಿಯಬೇಕು, ಗಿರಗಿರ ತಿರುಗುತ್ತಾ ಹಾರುವುದು ಅದು. ಈಗ ಅದನ್ನು ಹುಡುಗಿಯರೇ ಚೆನ್ನಾಗಿ ಮಾಡುತ್ತಾರೆ. ನಮ್ಮ ತಂಡದಲ್ಲಿ ಹೋದ ಸಲ ಅಭಿಮನ್ಯು ಕೊಂಕಣಿ ಮನೆಯ ಹುಡುಗಿ, ದ್ರೋಣ ಬ್ಯಾರಿ ಮನೆಯ ಹುಡುಗ, ಸುಭದ್ರೆ ತುಳು ಮನೆಯವಳು. ಮೂವರಿಗೂ ಮನೆಯಲ್ಲಿ ಕನ್ನಡ ಇಲ್ಲ.

ಹೆಜ್ಜೆಗಿಂತ ಕಷ್ಟ ಮಾತು, ಅರ್ಥ ಅಂತ ಕರೆಯುತ್ತೇವೆ. ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಒಂದು ಶಬ್ದವೂ ಬರಬಾರದು. ಇದು ತುಂಬ ಹಿಂದಿನಿಂದ ಬಂದ ಕಟ್ಟುಪಾಡು. ಅಭ್ಯಾಸದಲ್ಲಿ ಒಂದು ದಿನ ಸುಭದ್ರೆ ಮಾತು ತಪ್ಪಿ "ಸಾರಿ" ಅಂದಳು. ಗುರುಗಳು ಚೆಂಡೆ ನಿಲ್ಲಿಸಿದರು. ಬೈಯಲಿಲ್ಲ. "ಸುಭದ್ರೆ ಏನು ಹೇಳುತ್ತಿದ್ದಳು, ಯೋಚನೆ ಮಾಡು" ಅಂದರು. ಅವಳು ಸ್ವಲ್ಪ ಹೊತ್ತು ನಿಂತು "ಮನ್ನಿಸಿ" ಅಂದಳು. ಚೆಂಡೆ ಮತ್ತೆ ಶುರು ಆಯಿತು. ಅದಾದ ಮೇಲೆ ಇಡೀ ವಾರ ಕ್ಲಾಸಿನಲ್ಲಿ ಇಂಗ್ಲಿಷ್ ಶಬ್ದ ಬಿಟ್ಟು ಮಾತಾಡುವ ಆಟ. ಬಸ್ಸಿಗೆ ಏನು, ಪೆನ್ನಿಗೆ ಏನು, ಡಸ್ಟರಿಗೆ ಏನು ಅಂತ ನನ್ನನ್ನು ಬಿಡಲಿಲ್ಲ ಮಾರಾಯ್ರೆ.

ಇನ್ನೊಂದು ಮಹಾಪ್ರಾಣದ ಕಥೆ. ತುಳು ಮಾತಾಡುವ ಮಕ್ಕಳಿಗೆ ಧ, ಭ, ಘ ಬಾಯಿಗೆ ಬರುವುದು ನಿಧಾನ. ಧರ್ಮ ಅನ್ನುವುದು ದರ್ಮ ಆಗುತ್ತದೆ, ಭೀಮ ಬೀಮ ಆಗುತ್ತಾನೆ. ನಾನು ವರ್ಷಗಟ್ಟಲೆ ಉಕ್ತಲೇಖನ ಕೊಟ್ಟು, ಕೆಂಪು ಶಾಯಿಯಲ್ಲಿ ತಿದ್ದಿ, ಅರ್ಧದಷ್ಟೇ ಸರಿ ಮಾಡಿದ್ದೆ. ದ್ರೋಣನ ವೇಷದ ಹುಡುಗ "ಧನುಸ್ಸು" ಅನ್ನುವುದನ್ನು ಸರಿಯಾಗಿ ಹೇಳುವವರೆಗೆ ಗುರುಗಳು ಮುಂದೆ ಹೋಗಲಿಲ್ಲ. ಹೊಟ್ಟೆಯಿಂದ ಉಸಿರು ತೆಗೆದು ಹೇಳು ಅಂದರು. ಅವನು ಮೂರನೇ ಶನಿವಾರ ಹೇಳಿದ. ಆಮೇಲೆ ಅವನ ಪರೀಕ್ಷೆ ಪೇಪರಿನಲ್ಲೂ ಆ ತಪ್ಪು ಕಾಣಲಿಲ್ಲ.

ಪ್ರದರ್ಶನದ ದಿನ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಮಧ್ಯಾಹ್ನ ಎರಡು ಗಂಟೆಗೇ ಮಕ್ಕಳು ಸಾಲಾಗಿ ಕೂತು ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಿರುತ್ತಾರೆ. ಗೆಜ್ಜೆ ಕಟ್ಟುವ ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮನೆಯವರೆಲ್ಲ ಬಂದಿರುತ್ತಾರೆ, ದ್ರೋಣನ ಅಮ್ಮ, ಅಜ್ಜಿ ಕೂಡ ಮುಂದಿನ ಸಾಲಿನಲ್ಲೇ ಇದ್ದರು. ಅಜ್ಜಿಗೆ ಕನ್ನಡ ಅಷ್ಟು ಬರುವುದಿಲ್ಲ. ಮೊಮ್ಮಗ ರಂಗಸ್ಥಳಕ್ಕೆ ಬಂದಾಗ ಅವರು ಎದ್ದು ನಿಂತರು, ಪದ್ಯ ಮುಗಿಯುವವರೆಗೆ ಕೂರಲಿಲ್ಲ.

ನವೆಂಬರ್ 1ರ ಬಗ್ಗೆ ಗಡಿಯವರಾಗಿ ನಾನು ಹೇಳಲೇಬೇಕು. ನಮಗೆ ಅದು ರಾಜ್ಯೋತ್ಸವ. ಬಾವುಟ, ನಾಡಗೀತೆ, ಭಾಷಣ. ತಲಪಾಡಿ ದಾಟಿದರೆ ಅದೇ ದಿನ ಕೇರಳಪಿರವಿ, ಕೇರಳ ಹುಟ್ಟಿದ ದಿನ. ಮೊದಲು ಕಾಸರಗೋಡು ನಮ್ಮ ಜಿಲ್ಲೆಯದ್ದೇ ತಾಲೂಕು, 1956ರ ಅದೇ ದಿನ ಕೇರಳಕ್ಕೆ ಹೋಯಿತು. ಅಲ್ಲಿ ಈಗಲೂ ಕನ್ನಡ ಮಾಧ್ಯಮ ಶಾಲೆಗಳಿವೆ. ನನ್ನ ಅಕ್ಕನ ಮಗ ಮಂಜೇಶ್ವರದ ಕಡೆ ಅಂಥ ಒಂದು ಶಾಲೆಯಲ್ಲಿ ಓದುತ್ತಿದ್ದಾನೆ. ಅವನಿಗೆ ಓಣಂ ರಜೆ ಇದೆ, ನಮ್ಮ ಹಾಗೆ ಉದ್ದದ ದಸರಾ ರಜೆ ಇಲ್ಲ. ಪ್ರತಿಭಾ ಕಾರಂಜಿ ಬದಲು ಕಲೋತ್ಸವ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕನ್ನಡ ಕವಿತೆ ಹೇಳುವ ಸ್ಪರ್ಧೆಯೂ ಇದೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಜೀವನವಿಡೀ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಲ್ಲೇ ಹೈಸ್ಕೂಲು ಮಾಸ್ಟ್ರಾಗಿದ್ದವರು, ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಪ್ರತಿ ರಾಜ್ಯೋತ್ಸವಕ್ಕೆ ನಾನು ಮಕ್ಕಳಿಗೆ ಅವರ ವಿಷಯ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅಜ್ಜಿಮನೆ ಆಚೆ ಬದಿಯಲ್ಲಿದೆ. ಅವರಿಗೆ ಇದು ಮನೆಯ ವಿಷಯ.

ಆಟೋಟ ಇದ್ದದ್ದೇ. ಕಬಡ್ಡಿ, ಖೋ ಖೋ, ತ್ರೋಬಾಲ್. ಕಬಡ್ಡಿ ಆಡುವ ಹುಡುಗಿಯರು ಇಲ್ಲಿ ಜಾಸ್ತಿ, ಅವರಿಗೆ ಕಾರ್ಕಳದ ಮಮತಾ ಪೂಜಾರಿ ಅಂದರೆ ದೇವರ ಹಾಗೆ. ಏಷ್ಯನ್ ಗೇಮ್ಸ್ ಚಿನ್ನ, 2014ರಲ್ಲಿ ಅರ್ಜುನ ಪ್ರಶಸ್ತಿ. ಮಕ್ಕಳ ಗ್ರಾಮಸಭೆಯನ್ನೂ ಮರೆಯಬಾರದು. ಪಂಚಾಯತಿನವರ ಎದುರು ಮಕ್ಕಳೇ ಮೈಕ್ ಹಿಡಿದು ಬಸ್ಸು ನಿಲ್ಲಿಸುವುದಿಲ್ಲ, ತೋಡಿಗೆ, ಅಂದರೆ ಹಳ್ಳಕ್ಕೆ ಕಾಲುಸಂಕ ಬೇಕು ಅಂತ ಕೇಳುತ್ತಾರೆ. ಕಾಲುಸಂಕ ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಮರದ ಕಾಲುಸಂಕ ಮಳೆಯಲ್ಲಿ ಜಾರುತ್ತದೆ, ಅದನ್ನು ದಾಟಿ ಬರುವ ಮಕ್ಕಳು ಈಗಲೂ ಇದ್ದಾರೆ. ಆ ಪ್ರಶ್ನೆ ಕೇಳುವಾಗ ಸಭೆಯಲ್ಲಿ ಯಾರೂ ಮಾತಾಡುವುದಿಲ್ಲ.

ಡಿಸೆಂಬರಿನಲ್ಲಿ ಸ್ಕೂಲ್ ಡೇ. ಇದು ಇಡೀ ಊರಿನ ಹಬ್ಬ. ಗೇಟಿನ ಹತ್ತಿರ ಚರುಮುರಿ ಗಾಡಿ, ಐಸ್‌ಕ್ಯಾಂಡಿ, ಅಂಗಳ ತುಂಬ ಕುರ್ಚಿ. ಮಕ್ಕಳ ನೃತ್ಯ, ನಾಟಕ ಆದ ಮೇಲೆ ಹಳೆ ವಿದ್ಯಾರ್ಥಿಗಳ ತುಳು ನಾಟಕ. ಅದು ಮುಗಿಯುವಾಗ ರಾತ್ರಿ ಎಷ್ಟು ಗಂಟೆ ಆದರೂ ಜನ ಎದ್ದು ಹೋಗುವುದಿಲ್ಲ. ನಿಮಗೆ ತುಳು ಬಾರದಿದ್ದರೂ ಕೂರಿ. ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ.

ಜನವರಿ ಕೊನೆಗೆ ಎಲ್ಲ ನಿಲ್ಲುತ್ತದೆ, ಹತ್ತನೆಯವರಿಗಂತೂ ಪೂರ್ತಿ. ಬೆಳಿಗ್ಗೆ ಬೇಗ, ಸಂಜೆ ತಡವಾಗಿ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಟೀಚರುಗಳು ಮಕ್ಕಳ ಮನೆಗೆ ಹೋಗಿ ಓದುತ್ತಿದ್ದಾರಾ ಅಂತ ನೋಡಿ ಬರುವುದು. ನೀವು ಕೇಳಿದ ರಿಸಲ್ಟು ಈ ಎರಡು ತಿಂಗಳಲ್ಲಿ ಆಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಜೂನ್‌ನಿಂದ ಶಾಲೆಗೆ ಬರಲು ಮನಸ್ಸು ಇದ್ದ ಮಗು ಮಾತ್ರ ಫೆಬ್ರವರಿಯಲ್ಲಿ ಸಂಜೆ ಆರು ಗಂಟೆವರೆಗೆ ಕೂರುತ್ತದೆ. ಶನಿವಾರದ ಚೆಂಡೆಗೋಸ್ಕರ ಒಂದು ದಿನವೂ ತಪ್ಪಿಸದೆ ಬಂದ ಹುಡುಗರನ್ನು ನಾನು ನೋಡಿದ್ದೇನೆ.

ಇನ್ನು ನಿಮ್ಮ ಮಗಳ ವಿಷಯ. ಮೊದಲ ತಿಂಗಳು ಅವಳಿಗೆ ಬೇಜಾರಾಗಬಹುದು, ಸುತ್ತ ಎಲ್ಲರೂ ತುಳುವಿನಲ್ಲಿ ನಗುತ್ತಿರುವಾಗ ತನಗೆ ಅರ್ಥ ಆಗದಿದ್ದರೆ ಯಾರಿಗಾದರೂ ಹಾಗೆ ಆಗುತ್ತದೆ ಅಲ್ವಾ. ಬಾಗಲಕೋಟೆಯ ಆ ಇಬ್ಬರು ಮಕ್ಕಳಿಗೂ ಆಗಿತ್ತು. ಈಗ ಅವರು ನನಗಿಂತ ಜೋರಾಗಿ ತುಳು ಮಾತಾಡುತ್ತಾರೆ. ಎಂಟನೆಯಲ್ಲೇ ಯಕ್ಷಗಾನಕ್ಕೆ ಹೆಸರು ಕೊಡಲಿ, ಒಂಬತ್ತನೆಯಲ್ಲಿ ಶುರು ಮಾಡಿದರೆ ಒಳ್ಳೆ ವೇಷ ಸಿಗುವಷ್ಟರಲ್ಲಿ ಹತ್ತನೆ ಬಂದುಬಿಡುತ್ತದೆ. ಮತ್ತೆ ಯೂನಿಫಾರ್ಮ್ ಎರಡು ಜೊತೆ ಸಾಲದು, ಮೂರು ಹೊಲಿಸಿ. ಜುಲೈಯಲ್ಲಿ ಒಗೆದ ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ.