ಸೆನ್ಸರ್ ನನ್ನ ತೋಳಲ್ಲಿ, ಅಲಾರಂ ಮನೆಯವರ ಫೋನಲ್ಲಿ

ಪ್ರಶ್ನೆ: ನನಗೆ 31 ವರ್ಷ, ಟೈಪ್ 1 ಡಯಾಬಿಟಿಸ್, 9ನೇ ವಯಸ್ಸಿಂದ ಇನ್ಸುಲಿನ್ ತಗೋತಿದೀನಿ. ನಾಲ್ಕು ತಿಂಗಳಿಂದ ತೋಳಿಗೆ ಸಕ್ಕರೆ ಅಳೆಯೋ ಸೆನ್ಸರ್ ಹಾಕ್ಕೊಂಡಿದೀನಿ, ಅದರ ರೀಡಿಂಗ್ ಅಮ್ಮ, ಅಣ್ಣ, ಗಂಡ ಮೂರೂ ಜನರ ಫೋನಿಗೆ ಹೋಗತ್ತೆ. ನಾನೇ ಸೆಟ್ ಮಾಡಿ ಕೊಟ್ಟಿದ್ದು, ಈಗ ಸಾಕಪ್ಪಾ ಸಾಕು ಅನ್ನಿಸಿದೆ. ಮೀಟಿಂಗಲ್ಲಿ ಕೂತಿದ್ರೆ ಅಮ್ಮನ ಕಾಲ್ ಬರತ್ತೆ, "190 ತೋರಿಸ್ತಿದೆಯಲ್ಲೇ, ಏನ್ ತಿಂದೆ?" ಅಂತ. ಮೊನ್ನೆ ರಾತ್ರಿ 2 ಗಂಟೆಗೆ ಲೋ ಅಂತ ಎಲ್ಲರ ಫೋನೂ ಒಟ್ಟಿಗೆ ಹೊಡ್ಕೊಳ್ತು, ಎದ್ದು ಬೆರಳು ಚುಚ್ಚಿ ನೋಡಿದ್ರೆ 104! ಶೇರಿಂಗ್ ಆಫ್ ಮಾಡಿದ್ರೆ ಅಮ್ಮ ನಿದ್ದೆ ಮಾಡಲ್ಲ, ಆನ್ ಇಟ್ರೆ ನನಗೆ ನೆಮ್ಮದಿ ಇಲ್ಲ. ಏನ್ ಮಾಡ್ಲಿ ಮೇಡಂ?

ಉತ್ತರ: ಮೊದಲು ಆ ರಾತ್ರಿದು ಮುಗಿಸ್ಬಿಡೋಣ. ನೀವು ಸೆನ್ಸರ್ ಇರೋ ತೋಳಿನ ಮೇಲೇ ಮಲಗಿದ್ರಾ? ನನ್ನ ಅನುಮಾನ ಅದೇ. ಸೆನ್ಸರ್ ಅಳೆಯೋದು ರಕ್ತದ ಸಕ್ಕರೆ ಅಲ್ಲ, ಚರ್ಮದ ಕೆಳಗಿನ ಜೀವಕೋಶಗಳ ಮಧ್ಯೆ ಇರೋ ದ್ರವದಲ್ಲಿನ ಸಕ್ಕರೆ, ಮೈಭಾರ ಬಿದ್ದು ಆ ಜಾಗ ಒತ್ತಿದ್ರೆ ರೀಡಿಂಗ್ ಸುಳ್ಳೇ ಸುಳ್ಳು ಇಳಿಯತ್ತೆ, ಮಗ್ಗಲು ಬದಲಿಸಿದ ಸ್ವಲ್ಪ ಹೊತ್ತಿಗೆ ಸರಿಹೋಗತ್ತೆ. ಜೊತೆಗೆ ಸಕ್ಕರೆ ಬೇಗ ಏರ್ತಾ ಇಳೀತಾ ಇದ್ದಾಗ ಸೆನ್ಸರ್ ರಕ್ತಕ್ಕಿಂತ ಕೆಲವು ನಿಮಿಷ ಹಿಂದೇನೇ ಇರತ್ತೆ. ಇದು ನಿಮಗೆ ಗೊತ್ತಿರಬಹುದು, ಆದ್ರೆ ಆ ಅಲಾರಂ ನೋಡೋ ಅಮ್ಮನಿಗೆ ಗೊತ್ತಾ? ಯಾರೂ ಹೇಳಿರಲ್ಲ. (ಹಾಗಂತ ಬೆವರು, ನಡುಕ ಇದ್ರೆ "ಸುಳ್ಳು ಲೋ ಇರಬೇಕು" ಅಂತ ಮಲಗಿಬಿಡಬೇಡಿ, ಮೊದಲು ಸಕ್ಕರೆ ತಿನ್ನಿ, ಆಮೇಲೆ ತನಿಖೆ.)

ಇನ್ನು 190. ಸೆನ್ಸರ್ ಹಾಕ್ಕೊಂಡಿರೋ ನಿಮ್ಮಂಥವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಇಡೋ ಗುರಿ ದಿನದ 70%ಗಿಂತ ಹೆಚ್ಚು ಹೊತ್ತು 70ರಿಂದ 180ರ ಒಳಗಿರೋದು, 180 ದಾಟಿರೋ ಹೊತ್ತು 25%ಗಿಂತ ಕಮ್ಮಿ ಇದ್ರೆ ಸಾಕು. 25% ಅಂದ್ರೆ ಲೆಕ್ಕ ಹಾಕಿ, ದಿನಕ್ಕೆ 6 ಗಂಟೆ! ಊಟ ಆದ್ಮೇಲೆ 190 ಬರೋದು ಒಂದು ಸುದ್ದೀನೇ ಅಲ್ಲ. ಆದ್ರೆ ಫೋನಲ್ಲಿ ಆ ಗೆರೆ ಮೇಲೆ ಹೋಗಿ ಬಣ್ಣ ಬದಲಾದ ತಕ್ಷಣ ಹೆತ್ತ ಕರುಳು ಸುಮ್ಮನಿರಲ್ಲ, ಅದರ ತಪ್ಪೂ ಅಲ್ಲ.

ಒಂದು ವಿಷಯ ನೆನಪಾಗತ್ತೆ. 2013ರಲ್ಲಿ ಅಮೆರಿಕದಲ್ಲಿ ಜಾನ್ ಕಾಸ್ಟಿಕ್ ಅನ್ನೋ ಎಂಜಿನಿಯರ್, ತನ್ನ ಪುಟ್ಟ ಮಗನ ಸೆನ್ಸರ್ ರೀಡಿಂಗನ್ನ ಆಫೀಸಲ್ಲಿ ಕೂತೇ ನೋಡೋಕೆ ತಾನೇ ಕೋಡ್ ಬರೆದ, ಆಗಿನ್ನೂ ಕಂಪನಿಗಳ ಶೇರಿಂಗ್ ಆ್ಯಪ್ ಬಂದಿರಲಿಲ್ಲ. ಅದೇ ಬೆಳೆದು ನೈಟ್‌ಸ್ಕೌಟ್ ಅನ್ನೋ ಸಾಫ್ಟ್‌ವೇರ್ ಆಯ್ತು, ಎಷ್ಟೋ ಅಪ್ಪ ಅಮ್ಮಂದಿರು ಅದನ್ನ ಹಾಕ್ಕೊಂಡ್ರು. ಅಂದ್ರೆ ಈ ದೂರದಿಂದ ನೋಡೋ ಪದ್ಧತಿ ಹುಟ್ಟಿದ್ದೇ ತನಗೆ ಏನಾಗ್ತಿದೆ ಅಂತ ಹೇಳೋಕೆ ಬಾರದ ಮಗುವಿಗೋಸ್ಕರ. ನಿಮಗೆ 31.

ಹಾಗಾಗಿ ಶೇರಿಂಗ್ ಪೂರ್ತಿ ಆಫ್ ಮಾಡೋದು ಬೇಡ, ಯಾರ ಫೋನಿಗೆ ಏನು ಹೋಗಬೇಕು, ಅದು ಬಂದಾಗ ಅವರು ಏನು ಮಾಡಬೇಕು ಅನ್ನೋದನ್ನ ನೀವೇ ಕೂತು ಗೊತ್ತು ಮಾಡಿ. ಏನೂ ಮಾಡೋಕಾಗದವರ ಕೈಗೆ ನಂಬರ್ ಕೊಟ್ರೆ ಅವರಿಗೆ ಉಳಿಯೋದು ಎರಡೇ ದಾರಿ, ಒಂದು ಒದ್ದಾಡೋದು, ಇನ್ನೊಂದು ನಿಮ್ಮನ್ನ ಬೈಯೋದು. ಗಂಡ ಪಕ್ಕದಲ್ಲೇ ಮಲಗಿರ್ತಾರೆ, 70ರ ಕೆಳಗಿನ ಅಲಾರಂ ಅವರಿಗಿರಲಿ, ಎಚ್ಚರ ಇದ್ರೆ 15 ಗ್ರಾಂ ಸಕ್ಕರೆ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡೋದು, ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕದೆ ಗ್ಲುಕಗಾನ್ (ಸಕ್ಕರೆ ಬೇಗ ಏರಿಸೋ ತುರ್ತು ಔಷಧಿ) ಕೊಟ್ಟು ಆಂಬುಲೆನ್ಸ್ ಕರೆಯೋದು, ಇಷ್ಟು ಅವರಿಗೆ ಬಾಯಿಪಾಠ ಆಗಿರಬೇಕು. ಅಮ್ಮನಿಗೆ ಹೈ ಅಲಾರಂ ಪೂರ್ತಿ ಬಂದ್, ಲೋ ಮಾತ್ರ ಇರಲಿ, ಅದೂ ಕೆಲವು ಆ್ಯಪಲ್ಲಿ "ಇಷ್ಟು ನಿಮಿಷ ಹಾಗೇ ಇದ್ರೆ ಮಾತ್ರ ತಿಳಿಸು" ಅನ್ನೋ ಆಯ್ಕೆ ಇರತ್ತೆ, ಅದನ್ನ ಹಾಕಿ. ಅಲಾರಂ ಬಂದ್ರೆ ಅಮ್ಮ ಮೊದಲು ಕಾಲ್ ಮಾಡೋದು ಅಳಿಯನಿಗೆ, ನಿಮಗಲ್ಲ. ಈ ಅಲಾರಂಗಳನ್ನ ನೋಡುವವರ ಫೋನಲ್ಲೇ ಬೇರೆಯಾಗಿ ಸೆಟ್ ಮಾಡಬೇಕು, ನಿಮ್ಮ ಫೋನಲ್ಲಿ ಬದಲಿಸಿದ್ರೆ ಅವರಲ್ಲಿ ಬದಲಾಗ್ದೇ ಇರಬಹುದು, ಒಂದು ಭಾನುವಾರ ಅಮ್ಮನ ಪಕ್ಕ ಕೂತು ಮಾಡಿ.

ಅಣ್ಣನಿಗೆ ಯಾಕೆ ಕೊಟ್ರಿ ಅಂತ ನನಗೆ ಅರ್ಥ ಆಗಲಿಲ್ಲ. ಅವರು ಏನಾದ್ರೂ ಮಾಡ್ತಾರಾ? ಇಲ್ಲಾಂದ್ರೆ ತೆಗೀರಿ, ಬೇಜಾರ್ ಮಾಡ್ಕೊಂಡ್ರೂ ಎರಡು ದಿನಕ್ಕೆ ಸರಿ ಹೋಗ್ತಾರೆ.

ಪ್ರಶ್ನೆ: ಅಮ್ಮನಿಗೆ ಬಿಪಿ. ಬ್ಲೂಟೂತ್ ಮೆಷಿನ್ ತಂದಿದೀವಿ, ನಂಬರ್ ನೇರ ಆ್ಯಪಿಗೆ ಬರತ್ತೆ, ಅಲ್ಲಿಂದ ಫ್ಯಾಮಿಲಿ ಗ್ರೂಪಿಗೆ. ಮೇಲಿನ ನಂಬರ್ 158 ಬರತ್ತೆ, ಗಾಬರಿಯಾಗಿ ಮತ್ತೆ ನೋಡಿದ್ರೆ 142, ಇನ್ನೊಂದ್ಸಲ 136. ಯಾವುದು ನಿಜ, ಡಾಕ್ಟರಿಗೆ ಯಾವುದು ಕಳಿಸ್ಲಿ?

ಉತ್ತರ: ಮೂರೂ ನಿಜ ಇರಬಹುದು ಸರ್, ಬಿಪಿ ಕಲ್ಲಲ್ಲಿ ಕೆತ್ತಿದ ಸಂಖ್ಯೆ ಅಲ್ಲ. ಮೆಷಿನ್ ಎಷ್ಟು ಸ್ಮಾರ್ಟ್ ಇದ್ರೂ ಅಳೆಯೋ ರೀತಿ ಕೆಟ್ಟರೆ ಆ್ಯಪು ಕೆಟ್ಟ ನಂಬರನ್ನೇ ಚೆಂದದ ಗ್ರಾಫ್ ಮಾಡಿ ಕೊಡತ್ತೆ ಅಷ್ಟೇ. 5 ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ್ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ, ಮೂತ್ರ ತಡ್ಕೊಂಡು ಕೂರಬಾರದು, ಮಾತಾಡಬಾರದು (ಅಮ್ಮಂದಿರಿಗೆ ಇದೇ ಕಷ್ಟ). ಕಫ್ (ತೋಳಿಗೆ ಸುತ್ತೋ ಪಟ್ಟಿ) ತೋಳಿನ ಅಳತೆಗೆ ಸರಿ ಇರಬೇಕು, ಚಿಕ್ಕದಾದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ. 1 ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಹೀಗೆ 7 ದಿನ ಬರೆದು ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ಡಾಕ್ಟರಿಗೆ ಕಳಿಸಿ. ಕ್ಲಿನಿಕ್ಕಿನ 140/90ಕ್ಕೆ ಮನೇಲಿ ಸಮ 135/85 ಅಂತ ಲೆಕ್ಕ, ಅದೂ ಸರಾಸರಿಗೆ, ಒಂದೊಂದು ರೀಡಿಂಗಿಗಲ್ಲ. ಆದ್ರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲೋದು, ಕೈಕಾಲು ಬಲ ಹೋಗೋದು ಏನಾದ್ರೂ ಇದ್ರೆ ಸರಾಸರಿ ಗಿರಾಸರಿ ಬಿಟ್ಟು ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಗ್ರೂಪಿಗೆ ಪ್ರತಿ ನಂಬರ್ ಹಾಕೋದು ನಿಲ್ಲಿಸಿ. 158 ನೋಡಿ ಹತ್ತು ಜನ ಹತ್ತು ಸಲಹೆ ಕೊಟ್ರೆ ಮುಂದಿನ ರೀಡಿಂಗ್ 168 ಬರತ್ತೆ.

ಪ್ರಶ್ನೆ: ನನ್ನ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರನ್ನ ನೋಡ್ಕೊಳ್ಳೋದಕ್ಕಿಂತ ನೆಂಟರಿಗೆ ಉತ್ತರ ಕೊಟ್ಟೂ ಕೊಟ್ಟೂ ಸುಸ್ತಾಗಿದೀನಿ. ಗ್ರೂಪ್ ಮಾಡಿದ್ರೆ ಅಲ್ಲಿ ಬೇರೇನೇ ಜಾತ್ರೆ.

ಉತ್ತರ: ಗ್ರೂಪ್ ಬೇಡಮ್ಮ, ವಾಟ್ಸಾಪಲ್ಲೇ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಒಂದು ಮೆಸೇಜ್ ಎಲ್ಲರಿಗೂ ಬೇರೆಬೇರೆಯಾಗಿ ಹೋಗತ್ತೆ, ಉತ್ತರ ನಿಮಗೊಬ್ಬರಿಗೇ ಬರತ್ತೆ, ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ತಲುಪೋದು. ಗ್ರೂಪೇ ಬೇಕಂದ್ರೆ ಅಡ್ಮಿನ್ ಮಾತ್ರ ಬರೆಯೋ ಹಾಗೆ ಸೆಟ್ಟಿಂಗ್ ಮಾಡಿ. ವಾರಕ್ಕೊಂದು ದಿನ ಗೊತ್ತು ಮಾಡಿ, ನಾಲ್ಕು ಸಾಲು ಬರೆದು ಕೊನೇಲಿ "ಮುಂದಿನ ಸುದ್ದಿ ಬರೋ ವಾರ" ಅಂತ ಹಾಕಿ, ಮುಂದೆ ಸುದ್ದಿ ಯಾವಾಗ ಬರತ್ತೆ ಅಂತ ಗೊತ್ತಿದ್ರೆ ಜನ ಮಧ್ಯೆ ಮಧ್ಯೆ ಕೇಳೋದು ಕಮ್ಮಿ ಮಾಡ್ತಾರೆ. ಇನ್ನೂ ಆಗಲ್ಲ ಅಂದ್ರೆ ನಾದಿನಿಗೋ ತಂಗಿಗೋ ಈ ಕೆಲಸ ವಹಿಸಿ, "ಏನೇ ಇದ್ರೂ ಅವಳನ್ನ ಕೇಳಿ" ಅಂದುಬಿಡಿ.

ಆದ್ರೆ ಕಳಿಸೋ ಮುಂಚೆ ಯಜಮಾನರಿಗೆ ಓದಿ ತೋರಿಸಿ, ಕಾಯಿಲೆ ಅವರದು. ಬ್ಲಡ್ ರಿಪೋರ್ಟಿನ ಫೋಟೋ ಮಾತ್ರ ಯಾರಿಗೂ ಹಾಕಬೇಡಿ, ಅದು ಎಲ್ಲರ ಗ್ಯಾಲರಿಯಲ್ಲಿ ಕೂತ್ಕೊಳ್ಳತ್ತೆ, ಅಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ನಿಮಗೂ ಗೊತ್ತಾಗಲ್ಲ.

ಪ್ರಶ್ನೆ: ಅಪ್ಪನಿಗೆ ಹಾರ್ಟ್ ಫೇಲ್ಯೂರ್. ದೂರದಲ್ಲಿದೀನಿ. ಸ್ಮಾರ್ಟ್‌ವಾಚ್ ಕೊಡಿಸ್ಲಾ?

ಉತ್ತರ: ಕೊಡಿಸಿ, ಆದ್ರೆ ಅದಕ್ಕಿಂತ ಮುಂಚೆ ಒಂದು ತೂಕದ ಮೆಷಿನ್ ಕೊಡಿಸಿ. ಬೆಳಿಗ್ಗೆ ಎದ್ದು ಟಾಯ್ಲೆಟ್ಟಿಗೆ ಹೋಗಿ ಬಂದು ತಿಂಡಿಗೆ ಮುಂಚೆ ತೂಕ ನೋಡಿ ನಿಮಗೆ ಕಳಿಸಲಿ. 3 ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದ್ರೆ ಅದು ಕೊಬ್ಬಲ್ಲ, ಮೈಲಿ ನೀರು ನಿಲ್ತಿದೆ ಅಂತ ಅರ್ಥ, ಎಷ್ಟೋ ಸಲ ಉಸಿರು ಕಟ್ಟೋಕೆ ಮೊದಲೇ ಇದು ಗೊತ್ತಾಗತ್ತೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ತೂಕ ಬರದ ದಿನ ನೀವೇ ಅಪ್ಪನಿಗೆ ಫೋನ್ ಮಾಡಿ.